ಐದು, ಎರಡು, ಸೊನ್ನೆ

ದುರುಗವ್ವನ ಬುಟ್ಟಿಯಿಂದ ಹನ್ನೆರಡು ಚಿಪ್ಪು.
ಗುರುವಾರ, ಬೆಳಿಗ್ಗೆ ಆರು ಇಪ್ಪತ್ತು,
ಹುಲಿಗಿಯ ಕೆಳಗೆ ಹೊಳೆ ತಿರುಗುವಲ್ಲಿ, ಮೊಣಕಾಲು ನೀರು.
ಚೀಟಿ ಒದ್ದೆಯಾಗಿ ಆರು ಎಂಟಿನಂತೆ ಕಂಡಿತು;
ಮತ್ತೆ ತಿದ್ದಿ ಬರೆದೆ.

ಮುನಿರಾಬಾದಿನಲ್ಲಿ ನಮ್ಮದು ಎರಡು ಕೋಣೆಯ ಲ್ಯಾಬು,
ಡ್ಯಾಮು ಕಟ್ಟಿದವರು ಬಿಟ್ಟುಹೋದ ಕ್ವಾರ್ಟರ್ಸು.
ಕರೆಂಟು ಹೋದರೆ ಇನ್‌ಕ್ಯುಬೇಟರಿಗೆ ಕಂಬಳಿ ಹೊದಿಸುತ್ತೇವೆ,
ಬಾಣಂತಿಗೆ ಹೊದಿಸಿದಂತೆ.

ಚಾಕು ತೂರಿಸಿ ಚಿಪ್ಪು ತೆರೆದೆ.
ಬೂದು ಮಾಂಸ, ಅಂಚಿಗೆ ಸಂಜೆಯ ಬಣ್ಣ.
ಅವ್ವ ಹಾಲಿನ ಗಡಿಗೆಯ ತಳ ಕೆರೆಯುತ್ತಿದ್ದದ್ದು
ಇಂಥದೇ ಚಿಪ್ಪಿನಿಂದ.
ದಿನಕ್ಕೆ ಎರಡು ಕೊಡ ನೀರು ಸೋಸುತ್ತದಂತೆ ಈ ಜೀವ,
ಹೊಳೆ ಕುಡಿದು ಹೊಳೆಯನ್ನೇ ಬಿಡುತ್ತದೆ.
ನಡುವೆ ಏನನ್ನು ಇಟ್ಟುಕೊಂಡಿತು,
ಅಷ್ಟೇ ನನ್ನ ಸಂಬಳದ ಕೆಲಸ.

ಅರೆದೆ. ತೆಳುವಾಗಿಸಿದೆ, ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು.
ಮೂರು ಸಾಲು, ಸಾಲಿಗೆ ಐದು ಕೊಳವೆ,
ಪ್ರತಿ ಕೊಳವೆಯೊಳಗೆ ಬೋರಲು ಹಾಕಿದ ಮರಿ ಕೊಳವೆ.
ಅದರ ನೆತ್ತಿಯಲ್ಲಿ ಗುಳ್ಳೆ ಕಟ್ಟಿದರೆ
ಒಳಗೆ ಯಾರೋ ಉಸಿರಾಡಿದ್ದಾರೆ.

ಶನಿವಾರ ನೋಡಿದೆ.
ಮೊದಲ ಸಾಲು ಐದಕ್ಕೈದು, ಎರಡನೆಯದರಲ್ಲಿ ಎರಡು,
ಮೂರನೆಯದು ತಿಳಿ, ಇಟ್ಟಂತೆಯೇ ಇದೆ.
ಯಾರನ್ನೂ ಎಣಿಸಿಲ್ಲ ನಾನು, ಒಬ್ಬರ ಮುಖವನ್ನೂ ಕಂಡಿಲ್ಲ.
ಬಾಗಿಲ ಹೊರಗಿನ ಚಪ್ಪಲಿ ನೋಡಿ
ಒಳಗಿನ ನೆಂಟರ ಲೆಕ್ಕ ಹೇಳುವ ವಿದ್ಯೆ ಇದು.
ಪಟ್ಟಿ ಹೇಳಿತು: ನಲವತ್ತೊಂಬತ್ತು.
ಪಕ್ಕದಲ್ಲೇ ದನಿ ತಗ್ಗಿಸಿ,
ಹದಿನೇಳೂ ಇರಬಹುದು, ನೂರ ಮೂವತ್ತೂ ಇರಬಹುದು.

ಏನೂ ಸಿಗದ ದಿನಗಳೂ ಉಂಟು.
ಆಗ ಖಾಜಾಬನಿ ಮೇಡಂ ಕನ್ನಡಕದ ಮೇಲಿಂದ:
“ಸೊನ್ನಿ ಬರೀಬ್ಯಾಡವಾ, ಕಾಣಲಿಲ್ಲ ಅಂತ ಬರಿ.
ಇಲ್ಲ ಅನ್ನಾಕ ನಾವ್ಯಾರು?”

ನಾಲ್ಕು ವರ್ಷ, ಇನ್ನೂರ ಹನ್ನೆರಡು ಬುಟ್ಟಿ.
ಹಿಂದಿನ ಎರಡು ದಿನದ ಮಳೆ, ತೆರೆದ ಗೇಟು, ನೀರಿನ ಬಿಸಿ,
ಹುಣ್ಣಿಮೆ ಕಳೆದು ಎಷ್ಟು ದಿನ.
ಎಲ್ಲವನ್ನೂ ಲಾಗರಿದಮಿಗೆ ಒಪ್ಪಿಸಿದೆ.
ಅದು ಊರ ಹಿರಿಯನಂತೆ, ಹಾರಾಡುವ ಲಕ್ಷವನ್ನು
ಭುಜ ಹಿಡಿದು ಐದಾಗಿ ಕೂರಿಸುತ್ತದೆ.
ಮಳೆ ಮಾತಾಡಿತು, ಗೇಟು ಮಾತಾಡಿತು.
ಹುಣ್ಣಿಮೆಯ ಕಾಲಂ ಮಾತ್ರ
ಸೊನ್ನೆಯ ಆಚೆಗೊಂದು ಈಚೆಗೊಂದು ಕಾಲು ಚಾಚಿ
ಸುಮ್ಮನೆ ಕುಳಿತಿತ್ತು.
ಅಷ್ಟೊಂದು ಜನ ಮೀಯುತ್ತಾರೆ, ಏನೂ ಆಗುವುದಿಲ್ಲವೆ?

ದುರುಗವ್ವನಿಗೆ ಹೇಳಿದೆ:
ಈ ವಾರ ಮಿತಿ ಮೀರುವ ಸಂಭವ ನೂರಕ್ಕೆ ಮೂವತ್ತೊಂದು.
“ನೂರು ಬುಟ್ಟಿ ಎಲ್ಲೈತ್ರೀ? ನನ್ ಹತ್ರ ಇರೋದು ಒಂದ.”
ಸೆರಗಿನಲ್ಲಿ ಕೈ ಒರೆಸಿಕೊಂಡಳು.
ಆಮೇಲೆ, ನಾನು ಕೇಳದೆಯೇ,
“ಹುಣ್ಣಿಮಿ ಮಂದಿ ಹೋದ ಮ್ಯಾಲೆ ನಾಕ್ ದಿನ
ಚಿಪ್ಪು ಬಾಯಿ ಬಿಗಿ ಹಿಡಿತಾವ, ಕಲ್ಲಿನಂಗ.
ಆಗ ನಾ ನೀರಿಗೆ ಇಳಿಯಂಗಿಲ್ಲ. ನಮ್ಮತ್ತಿನೂ ಇಳೀತಿದ್ದಿಲ್ಲ.”

ಮನೆಗೆ ಬಂದು ಅನ್ನಕ್ಕೆ ಇಟ್ಟು, ಕುಕ್ಕರು ಕೂಗುವಾಗ
ತಟ್ಟನೆ ಹೊಳೆಯಿತು.
ಇನ್ನೂರ ಹನ್ನೆರಡೂ ಅವಳು ಇಳಿದ ದಿನಗಳವು.
ಇಳಿಯದ ದಿನಕ್ಕೆ ಬುಟ್ಟಿಯಿಲ್ಲ, ಚೀಟಿಯಿಲ್ಲ,
ಕಾಣಲಿಲ್ಲ ಎಂದು ಬರೆಯಲೂ ಒಂದು ಸಾಲಿಲ್ಲ.
ನಾನು ಕಲಿತದ್ದು ತುಂಗಭದ್ರೆಯನ್ನಲ್ಲ,
ದುರುಗವ್ವ ಸೋಸಿ ಕೊಟ್ಟ ತುಂಗಭದ್ರೆಯನ್ನು.

ಹುಣ್ಣಿಮೆಯ ಮೂರನೇ ದಿನ ನಾನೇ ಇಳಿದೆ.
ಸೋಪಿನ ಕಾಗದ, ಕುಂಕುಮದ ನೀರು, ಬಾಳೆಸಿಪ್ಪೆ.
ಒಂದು ಗಂಟೆ ಕೈಯಾಡಿಸಿದರೂ ಬರೀ ಉಸುಕು.
ದಂಡೆಯ ಮೇಲೆ ಅವಳು, ನಗು ತಡೆಯಲಾರದೆ:
“ಕೈಲೆ ಅಲ್ರೀ, ಅಂಗಾಲಿಲೆ ಹುಡುಕ್ರಿ!”

ಹುಡುಕುತ್ತಿದ್ದೇನೆ.
ಬೆರಳ ಸಂದಿಯಲ್ಲಿ ಹೊಳೆ ಸರಿಯುತ್ತಿದೆ.
ಮೇಲೆ, ಅವಳ ಬರಿಗಾಲ ಪಕ್ಕ,
ನನ್ನ ಚಪ್ಪಲಿ, ಒಂದೇ ಜೊತೆ.